ಗಣಿಯೊಡೆಯರೂ ಗೋಮಾಳವೂ

ಗಣಿ ತೋಡುವ ಕಂಪೆನಿಗಳು ತಮ್ಮ ವಶದಲ್ಲಿರುವ ನೆಲವನ್ನೆಲ್ಲ ತೋಡುವುದಿಲ್ಲ. ಅದಿರು ಇರುವ ಕಡೆ ಅಗೆದು, ಅಗೆದ ಮಣ್ಣನ್ನು ಒಂದು ಪಕ್ಕದಲ್ಲಿ ಸುರಿದು, ಮಿಕ್ಕ ನೆಲವನ್ನು ಮುಂದೆಂದಾದರೂ ಬೇಕಾದೀತೆಂದು ಹಿಡಿದಿಟ್ಟುಕೊಂಡಿರುವುದು ಅವುಗಳ ಪದ್ಧತಿ. ಈ ಮಿಕ್ಕ ನೆಲದಲ್ಲಿ ಕಂಪೆನಿಗಳೇ ದನಗಳನ್ನು ಸಾಕಲಿ. ಹಾಲೂ ಆದೀತು, ಗೊಬ್ಬರವೂ ಆದೀತು, ನೆಲವೂ ಪಾಳು ಬೀಳದು. ಆಸ್ಟ್ರೇಲಿಯಾದಲ್ಲಿ ಹಾಗೆಯೇ ನಡೆಯುತ್ತಿದೆಯಲ್ಲವೆ, ಎಂದು ಹೇಳುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಮಾತು ಕೇಳುವುದಕ್ಕೆ ಹಿತವಾಗಿದೆ. ಗೋವೆಂಬ ಶಬ್ದ ಕಿವಿಗೆ ಬಿದ್ದೊಡನೆ ವಿಚಾರಬುದ್ಧಿಯು ಕೈಮುಗಿದು ಹಿಂದೆ ಸರಿಯುವುದು ಈ ದೇಶದ ರೂಢಿ. ಆದರೆ ಹಿತವಾದುದೆಲ್ಲ ಸತ್ಯವಾಗಬೇಕೆಂಬ ನಿಯಮವಿಲ್ಲ. ದನವನ್ನು ಯಾರು ಸಾಕಬೇಕೆಂದು ಕೇಳುವುದಕ್ಕೆ ಮೊದಲು ಹುಲ್ಲು ಯಾರದೆಂದು ಕೇಳಬೇಕು. ಈ ಪ್ರಶ್ನೆಯನ್ನು ಮರೆಸುವುದಕ್ಕಾಗಿಯೇ ಮೊದಲನೆಯ ಪ್ರಶ್ನೆಯು ಮುಂದಕ್ಕೆ ಬಂದಂತಿದೆ.

ಇಲ್ಲಿ ಪ್ರತಿಪಾದಿಸತಕ್ಕ ವಿಷಯವು ಇಷ್ಟು: ಗಣಿಯ ನೆಲದಲ್ಲಿ ಹುಲ್ಲು ಬೆಳೆಯಬೇಕು, ದನ ಮೇಯಬೇಕು. ಆದರೆ ಆ ಹುಲ್ಲು ಸುತ್ತಣ ಊರಿನದಾಗಿರಬೇಕು, ಆ ದನ ಊರವರದಾಗಿರಬೇಕು. ಗಣಿಯೊಡೆಯನು ಕಟ್ಟಿದ ಹಸುವು ಗೋಮಾಳಕ್ಕೆ ಬದಲಾಗಲಾರದು. ಅದು ಬೇಲಿಯ ಇನ್ನೊಂದು ರೂಪ. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಯನ್ನು ಇದುವರೆಗೆ ರೂಪಕವೆಂದು ತಿಳಿದಿದ್ದರೆ, ಇಲ್ಲಿ ಅದು ಅಕ್ಷರಶಃ ಸತ್ಯವಾಗುತ್ತದೆ.

ಮೊದಲು ಪೂರ್ವಪಕ್ಷಕ್ಕೆ ಸಲ್ಲತಕ್ಕ ಮರ್ಯಾದೆಯನ್ನು ಸಲ್ಲಿಸಬೇಕು. ಆಸ್ಟ್ರೇಲಿಯಾ ಖಂಡದ ಪಶ್ಚಿಮ ಭಾಗದಲ್ಲಿ ಪಿಲ್‌ಬರಾ ಎಂಬ ಸೀಮೆಯಿದೆ. ಕೆಂಪು ಮಣ್ಣಿನ, ಅಲ್ಪ ಮಳೆಯ, ಅಪಾರವಾದ ಕಬ್ಬಿಣದ ಅದಿರಿನ ದೇಶವದು. ಅಲ್ಲಿ ರಿಯೊ ಟಿಂಟೊ, ಬಿ.ಎಚ್.ಪಿ. ಎಂಬ ಮಹಾ ಗಣಿ ಕಂಪೆನಿಗಳು ವಿಸ್ತಾರವಾದ ದನದ ಠಾಣ್ಯಗಳನ್ನು ತಾವೇ ನಡೆಸುತ್ತವೆ. ಹ್ಯಾಂಕಾಕ್ ಪ್ರಾಸ್ಪೆಕ್ಟಿಂಗ್ ಎಂಬ ಮತ್ತೊಂದು ಗಣಿ ಸಂಸ್ಥೆಯು 2016ರಲ್ಲಿ ಚೀನದ ಪಾಲುಗಾರರೊಡನೆ ಸೇರಿ, ಕಿಡ್‌ಮನ್ ಎಂಬ ಹೆಸರಾಂತ ದನದ ಕಂಪೆನಿಯನ್ನೇ ಕೊಂಡುಕೊಂಡಿತು. ಮರಂಡೂ ಎಂಬಲ್ಲಿ ರಿಯೊ ಟಿಂಟೊದ ಗಣಿಯು ಅಂತರ್ಜಲದ ಮಟ್ಟಕ್ಕಿಂತ ಕೆಳಕ್ಕೆ ಇಳಿದಿರುವುದರಿಂದ, ಗಣಿಯೊಳಗೆ ನೀರು ತುಂಬದಂತೆ ಅದನ್ನು ಎಡೆಬಿಡದೆ ಮೇಲಕ್ಕೆತ್ತಬೇಕಾಗುತ್ತದೆ. ಆ ನೀರನ್ನು ವ್ಯರ್ಥಮಾಡದೆ ರೋಡ್ಸ್ ಹುಲ್ಲೆಂಬ ಮೇವಿಗೆ ಹಾಯಿಸಿ, ಒಣಗಿಸಿ, ಕಟ್ಟುಕಟ್ಟಿ, ಠಾಣ್ಯದ ದನಗಳಿಗೆ ಹಾಕುವ ಏರ್ಪಾಡು ಮಾಡಿರುವರು. ಯುಕ್ತಿಯು ಮೆಚ್ಚತಕ್ಕದ್ದೇ. ಗಣಿಯ ನೀರಿನಿಂದ ಮೇವು ಬೆಳೆಯಬಹುದೆಂಬುದನ್ನು ಅದು ತೋರಿಸಿಕೊಟ್ಟಿದೆ. ಈ ದೇಶದ ಗಣಿಗಾರರು ಅದನ್ನು ಕಲಿತರೆ ನಷ್ಟವೇನೂ ಇಲ್ಲ.

ಆದರೆ ಅಲ್ಲಿ ಕಂಪೆನಿಗೆ ದನವೇಕೆ ಬೇಕಾಯಿತೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಆ ನೆಲವು ಸರ್ಕಾರದ್ದು. ಮೇಯಿಸುವ ಗುತ್ತಿಗೆಯ ಮೇಲೆ ಕೊಟ್ಟಿರುವುದು. ಪಶ್ಚಿಮ ಆಸ್ಟ್ರೇಲಿಯಾದ 1997ರ ಭೂ ಆಡಳಿತದ ಶಾಸನದಂತೆ, ಇಂತಹ ಗುತ್ತಿಗೆಯನ್ನು ಹಿಡಿದವನು ನೆಲವನ್ನು ಪಶುಪಾಲನೆಗಾಗಿಯೇ ಉಪಯೋಗಿಸತಕ್ಕದ್ದು; ಬೇರೆ ಉಪಯೋಗಕ್ಕೆ ಪ್ರತ್ಯೇಕ ಅನುಮತಿ ಬೇಕು. ಅಂದಮೇಲೆ ಅದಿರಿನ ಮೇಲಣ ನೆಲವನ್ನು ಪರರ ಕೈಗೆ ಹೋಗದಂತೆ ಹಿಡಿದಿಡಬೇಕಾದರೆ ದನವನ್ನು ಸಾಕಲೇಬೇಕು. ದನವು ಅಲ್ಲಿ ಹಾಲಿಗಾಗಿ ಇರುವುದಲ್ಲವೆಂಬುದು ಸ್ಪಷ್ಟ. ಮಾಂಸಕ್ಕಾಗಿ ಇರುವುದೆಂಬುದು ಅರ್ಧಸತ್ಯ. ನೆಲದ ಮೇಲಣ ಹಿಡಿತಕ್ಕಾಗಿಯೂ ಇರುವುದೆಂಬುದು ಪೂರ್ಣಸತ್ಯ. ಗೋರಕ್ಷಣೆಯ ಉದಾಹರಣೆಯೆಂದು ಅದನ್ನು ಇಲ್ಲಿಗೆ ಹೊತ್ತು ತರುವವರು, ಆ ಹಿಂಡಿನ ಕಡೆಯ ಯಾತ್ರೆ ಎಲ್ಲಿಗೆಂಬುದನ್ನು ಕೇಳಿದಂತೆ ತೋರುವುದಿಲ್ಲ.

ಇನ್ನೂ ಒಂದು ಸಂಗತಿಯುಂಟು. ಅದೇ ಶಾಸನದಲ್ಲಿ, ಗುತ್ತಿಗೆಯ ನೆಲದಲ್ಲಿ ಬೇಲಿ ಹಾಕದೆ, ಸುಧಾರಣೆ ಮಾಡದೆ ಬಿಟ್ಟಿರುವ ಭಾಗಗಳಿಗೆ ಆ ದೇಶದ ಮೂಲನಿವಾಸಿಗಳು ತಮ್ಮ ರೂಢಿಯಂತೆ ಆಹಾರವನ್ನು ಹುಡುಕಿಕೊಂಡು ಪ್ರವೇಶಿಸಬಹುದೆಂದು ಹೇಳಿದೆ. ಇದರ ತಾತ್ಪರ್ಯವೇನು? ಬೇಲಿಯು ಎಲ್ಲಿಗೆ ಬಂತೋ ಅಲ್ಲಿಗೆ ಮೂಲನಿವಾಸಿಯ ಹಕ್ಕು ನಿಂತಿತು. ಪಿಲ್‌ಬರಾದ ದನದ ಠಾಣ್ಯಗಳಲ್ಲಿ ತಲೆಮಾರುಗಳ ಕಾಲ ಹಿಂಡನ್ನು ಕಾದವರು ಈ ಜನರೇ. ಕೂಲಿಯೆಂದರೆ ಬಹುಮಟ್ಟಿಗೆ ಹಿಟ್ಟು, ಸಕ್ಕರೆ, ಚಹ, ಬಟ್ಟೆಗಳಾಗಿದ್ದ ಕಾಲದಲ್ಲಿ, 1946ರ ಮೇ 1ನೆಯ ತಾರೀಖು ನೂರಾರು ಜನ ದನಗಾಹಿಗಳು ಕೆಲಸವನ್ನು ಬಿಟ್ಟು ಹೊರಟರು. 1949ರವರೆಗೆ ಹಠವನ್ನು ಬಿಡಲಿಲ್ಲ. ಆ ವರ್ಷಗಳಲ್ಲಿ ಅವರಲ್ಲಿ ಅನೇಕರು ಅದಿರನ್ನು ಕೈಯಿಂದಲೇ ಕೇರಿ ಮಾರಿ ಹೊಟ್ಟೆ ಹೊರೆದರೆಂಬುದು ಕುತೂಹಲಕರವಾದ ವಿಷಯ. ದನ ಕಾದವನಿಗೆ ದನವೂ ತನ್ನದಾಗಲಿಲ್ಲ, ನೆಲವೂ ತನ್ನದಾಗಲಿಲ್ಲ. 2020ರ ಮೇ 24ರಂದು ರಿಯೊ ಟಿಂಟೊ ಕಂಪೆನಿಯು ಜೂಕನ್ ಕಣಿವೆಯ ಗುಹೆಗಳನ್ನು ಮದ್ದಿಟ್ಟು ಹಾರಿಸಿತು. 46,000 ವರ್ಷಗಳಷ್ಟು ಹಿಂದೆ ಮನುಷ್ಯರು ಆಶ್ರಯ ಪಡೆದಿದ್ದ ಕುರುಹುಗಳಿದ್ದ ಸ್ಥಳವದು; ಅಲ್ಲಿಯ ಮೂಲನಿವಾಸಿಗಳಿಗೆ ಪೂಜ್ಯವಾದುದು. ಲೋಕವೆಲ್ಲ ಛೀಮಾರಿ ಹಾಕಿದ ಮೇಲೆ ಕಂಪೆನಿಯ ಮುಖ್ಯಾಧಿಕಾರಿಯೇ ಪದವಿಯನ್ನು ಬಿಡಬೇಕಾಯಿತು. ಒಂದು ಕೈಯಲ್ಲಿ ಹುಲ್ಲುಕಟ್ಟು, ಇನ್ನೊಂದು ಕೈಯಲ್ಲಿ ಸಿಡಿಮದ್ದು ಹಿಡಿದವನನ್ನು ಗೋಪಾಲನೆಂದು ಕರೆಯುವುದಕ್ಕೆ ನಾಲಗೆ ಹಿಂಜರಿಯಬೇಕು.

ಪರದೇಶದ ಮಾತು ಹಾಗಿರಲಿ. ಗಣಿ, ಗೋವು, ಹುಲ್ಲುಗಾವಲು ಇವು ಮೂರರ ಸಂಬಂಧವನ್ನು ಕುರಿತು ಈ ದೇಶದ ಪ್ರಾಚೀನರು ವಿಚಾರ ಮಾಡಿರಲಿಲ್ಲವೆ? ಮಾಡಿದ್ದರು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಓಲೆಗರಿಗಳಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಬಹುದು. ಅದರ ಎರಡನೆಯ ಅಧಿಕರಣದಲ್ಲಿ ಗಣಿಗಳಿಗೆ ಆಕರಾಧ್ಯಕ್ಷನೆಂಬ ಒಬ್ಬ ಅಧಿಕಾರಿ, ದನದ ಹಿಂಡುಗಳಿಗೆ ಗೋಧ್ಯಕ್ಷನೆಂಬ ಮತ್ತೊಬ್ಬ, ಹುಲ್ಲುಗಾವಲಿಗೆ ವಿವೀತಾಧ್ಯಕ್ಷನೆಂಬ ಮೂರನೆಯವ, ಹೀಗೆ ಬೇರೆಬೇರೆಯಾಗಿ ನೇಮಕವಾಗಿದ್ದಾರೆ. ಉಳುಮೆಗೆ ಬಾರದ ನೆಲವನ್ನು ಪಶುಗಳ ಮೇವಿಗಾಗಿ ಬಿಟ್ಟುಕೊಡಬೇಕೆಂದೂ ಅಲ್ಲಿ ವಿಧಿಯಿದೆ. ರಾಜನ ಬೊಕ್ಕಸಕ್ಕೆ ಗಣಿಯೇ ಮೂಲವೆಂದು ಸಾರಿದ ಕೌಟಿಲ್ಯನಿಗೆ ಲೋಹದ ಬೆಲೆ ತಿಳಿಯದಿರಲಿಲ್ಲ. ತಿಳಿದೂ ಆತನು ಹುಲ್ಲುಗಾವಲನ್ನು ಗಣಿಯ ಅಧಿಕಾರಿಗೆ ಒಪ್ಪಿಸಲಿಲ್ಲ. ಲೋಹದ ಮೇಲೆ ಕಣ್ಣಿಟ್ಟವನ ಕೈಯಲ್ಲಿ ಹುಲ್ಲು ಉಳಿಯದೆಂಬುದನ್ನು ಬಲ್ಲವನ ಏರ್ಪಾಡು ಇದೆಂದು ತೋರುತ್ತದೆ.

ಮನುಸ್ಮೃತಿಯ ವಿಧಿಯು ಇನ್ನೂ ಸ್ಪಷ್ಟವಾಗಿದೆ. ಗ್ರಾಮದ ಸುತ್ತಲೂ ನೂರು ಧನುಸ್ಸುಗಳಷ್ಟು ಅಗಲದ ನೆಲವನ್ನು ದನಗಳಿಗಾಗಿ ಬಿಡಬೇಕು. ನಗರಕ್ಕಾದರೆ ಅದರ ಮೂರರಷ್ಟು. ಆ ನೆಲದಲ್ಲಿ ಯಾರಾದರೂ ಬೇಲಿಯಿಲ್ಲದೆ ಪೈರು ಬೆಳೆದು, ಅದನ್ನು ದನ ಮೇದರೆ, ದನಗಾಹಿಯನ್ನು ದಂಡಿಸತಕ್ಕದ್ದಲ್ಲ. ಮನುವಿನ ಇತರ ವಿಧಿಗಳಲ್ಲಿ ಇಂದು ಒಪ್ಪಲಾರದವು ಬಹಳ ಇವೆ. ಅವನ್ನು ಎತ್ತಿ ಹಿಡಿಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಈ ಒಂದು ವಿಧಿಯಲ್ಲಿ ನ್ಯಾಯದ ತಕ್ಕಡಿಯು ಯಾವ ಕಡೆಗೆ ಬಾಗಿದೆಯೆಂಬುದನ್ನು ನೋಡಬೇಕು. ಮೇಯಿಸುವವನ ಹಕ್ಕು ಮೊದಲು, ಒತ್ತಿಕೊಂಡು ಬಂದವನ ನಷ್ಟ ಆಮೇಲೆ. ನಗರವು ದೊಡ್ಡದಾದಷ್ಟೂ ಅದರ ಸುತ್ತಣ ಗೋಮಾಳವೂ ದೊಡ್ಡದಾಗಬೇಕು. ಇಂದಿನ ನಗರಗಳು ನಡೆದುಕೊಳ್ಳುವುದು ಇದಕ್ಕೆ ನೇರ ವಿರುದ್ಧವಾಗಿ.

ಹಳೆಯ ಸ್ಮೃತಿಗಳು ಈಗ ಕಾನೂನಲ್ಲವೆಂದು ಯಾರಾದರೂ ಹೇಳಬಹುದು. ಒಳ್ಳೆಯದು; ಈಗಿನ ಕಾನೂನನ್ನೇ ನೋಡೋಣವಾಗಲಿ. ಕರ್ನಾಟಕದ 1964ರ ಭೂಕಂದಾಯ ಶಾಸನದ 71ನೆಯ ಪ್ರಕರಣದಂತೆ ಊರ ದನಗಳ ಉಚಿತ ಮೇವಿಗಾಗಿ ಸರ್ಕಾರಿ ನೆಲವನ್ನು ಮೀಸಲಿಡಲು ಅಧಿಕಾರವಿದೆ. ಹಾಗೆ ಮೀಸಲಾದ ನೆಲವನ್ನು ಜಿಲ್ಲಾಧಿಕಾರಿಯ ಮಂಜೂರಾತಿಯಿಲ್ಲದೆ ಬೇರೆ ಕೆಲಸಕ್ಕೆ ಉಪಯೋಗಿಸಕೂಡದು. 1966ರ ನಿಯಮಗಳ 97ನೆಯದರಲ್ಲಿ ಪ್ರಮಾಣವನ್ನೂ ಹೇಳಿದೆ: ನೂರು ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ. ಎಲ್ಲಿಯೂ ಕಂಪೆನಿಯ ದನವೆಂದು ಹೇಳಿಲ್ಲ. ಊರ ದನವೆಂಬ ಮಾತೇ ಶಾಸನದ ಜೀವಾಳ.

ಇಲ್ಲಿ ಪ್ರತಿವಾದಿಯು ಒಂದು ಚತುರವಾದ ಪ್ರಶ್ನೆಯನ್ನು ಹಾಕಬಹುದು. ಮೈಸೂರಿನ ಅರಸರು ಅಮೃತಮಹಲಿನ ಕಾವಲುಗಳಲ್ಲಿ ತಮ್ಮದೇ ಹಿಂಡನ್ನು ಸಾಕಲಿಲ್ಲವೆ? ನೆಲದ ಒಡೆಯನೇ ದನದ ಒಡೆಯನಾಗಿರುವುದು ಅಲ್ಲಿ ತಪ್ಪಾಗದಿದ್ದರೆ, ಗಣಿ ಕಂಪೆನಿಯ ವಿಷಯದಲ್ಲಿ ಏಕೆ ತಪ್ಪಾಗಬೇಕು? ಈ ಪ್ರಶ್ನೆಗೆ ಉತ್ತರವು ಅಮೃತಮಹಲಿನ ಚರಿತ್ರೆಯಲ್ಲಿಯೇ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ನಡೆದ ಈ ಇಲಾಖೆಗೆ ಅಮೃತಮಹಲೆಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಯುದ್ಧದ ಸಾಮಗ್ರಿಯನ್ನು ಎಳೆಯುವ ವೇಗದ ಎತ್ತುಗಳು ಇಲ್ಲಿಂದ ಬಂದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈಸೇರಿತು. ಮಿತವ್ಯಯದ ನೆಪದಿಂದ ಅವರು 1860ರಲ್ಲಿ ಅದನ್ನು ಮಾರಿ, ಒಳ್ಳೆಯ ಎತ್ತುಗಳು ಸಿಕ್ಕದೆ ಪಶ್ಚಾತ್ತಾಪಪಟ್ಟು 1866ರಲ್ಲಿ ಪುನಃ ಕಟ್ಟಿದರು. ತರುವಾಯ ಎತ್ತಿನ ಕೆಲಸವನ್ನು ಯಂತ್ರಗಳು ಮಾಡತೊಡಗಿದವು, ಹಿಂಡು ಕ್ಷೀಣಿಸಿತು. ಇಂದು ಅಜ್ಜಂಪುರದ ತಳಿ ಸಂವರ್ಧನ ಕೇಂದ್ರವು ಆ ವಂಶವನ್ನು ಉಳಿಸಿಕೊಂಡು ಬಂದಿದೆ. ಲಕ್ಷಾಂತರ ಎಕರೆಗಳಾಗಿದ್ದ ಕಾವಲುಗಳ ಗತಿಯೇನಾಯಿತು? ಹಿಂಡಿಲ್ಲವಾದುದರಿಂದ ಕಾವಲೂ ಬೇಡವೆಂದು, ಬೇಕಾದವರಿಗೆ ಬೇಕಾದಷ್ಟು ಹಂಚಿಹೋಯಿತು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸೀಮೆಯನ್ನು ನೋಡಿದರೆ ಸಾಕು. 2009ರಿಂದ ಈಚೆಗೆ ಅಲ್ಲಿಯ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆಯ ಸಂಸ್ಥೆಗೆ 4,290 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಬಾಹ್ಯಾಕಾಶ ಸಂಸ್ಥೆಗೆ 573 ಎಕರೆ ಕೊಡಲ್ಪಟ್ಟವು. ಇವು ಗಣಿ ಕಂಪೆನಿಗಳಲ್ಲ; ದೇಶಕ್ಕೆ ಗೌರವವನ್ನು ತಂದ ಸಂಸ್ಥೆಗಳು. ಆದರೂ ಗೋಡೆ ಎದ್ದ ಮೇಲೆ ಕುರಿಗಾರನಿಗೆ ಗೋಡೆಯು ಗೋಡೆಯೇ. ಚಳ್ಳಕೆರೆಯ ಕಂಬಳಿಯು ನಾಡಿನಲ್ಲೆಲ್ಲ ಹೆಸರಾದುದು. ಕಂಬಳಿಗೆ ಉಣ್ಣೆ ಬೇಕು, ಉಣ್ಣೆಗೆ ಕುರಿ ಬೇಕು, ಕುರಿಗೆ ಕಾವಲಿನ ಹುಲ್ಲು ಬೇಕು. ಊರಿನವರ ಕೈಯಲ್ಲಿ ಹಕ್ಕುಪತ್ರವಿರಲಿಲ್ಲ, ಅನುಭವ ಮಾತ್ರವಿತ್ತು. ನೆಲವು ಸರ್ಕಾರದ ಹೆಸರಿನಲ್ಲಿದ್ದುದರಿಂದ ಪರಿಹಾರವನ್ನು ಕೊಡಬೇಕಾದ ಪ್ರಮೇಯವೇ ಬರಲಿಲ್ಲ. ಹೊಲವನ್ನು ಕಳೆದುಕೊಂಡವನಿಗೆ ಹಣವುಂಟು, ಹುಲ್ಲನ್ನು ಕಳೆದುಕೊಂಡವನಿಗೆ ಏನೂ ಇಲ್ಲ. ಸ್ವಂತ ಹೊಲವಿಲ್ಲದೆ ಹತ್ತು ಕುರಿಗಳಿಂದ ಜೀವಿಸುವವನು ಈ ಎರಡನೆಯ ವರ್ಗಕ್ಕೆ ಸೇರಿದವನು.

ಅಮೃತಮಹಲಿನ ಪಾಠವು ಇದೇ. ಮೇಯಿಸುವ ಹಕ್ಕು ಒಡೆಯನ ಹಿಂಡನ್ನು ಆಶ್ರಯಿಸಿಕೊಂಡಿದ್ದರೆ, ಹಿಂಡು ಹೋದ ದಿನ ಹಕ್ಕೂ ಹೋಗುತ್ತದೆ. ಅರಸನಿಗೆ ಎತ್ತು ಬೇಡವಾದೊಡನೆ ಕಾವಲು ಪಾಳುನೆಲವೆನಿಸಿತು. ಅರಸನಿಗಾದರೂ ಪ್ರಜೆಗಳ ಮುಂದೆ ಧರ್ಮವೆಂಬ ಒಂದು ಹೊಣೆಯಿತ್ತು; ಗಣಿ ಕಂಪೆನಿಗೆ ಇರುವ ಹೊಣೆಯು ಪಾಲುದಾರರ ಲಾಭಕ್ಕೆ ಮಾತ್ರ. ಅದಿರು ಮುಗಿದ ದಿನ, ಇಲ್ಲವೆ ಅದಿರಿನ ಬೆಲೆ ಇಳಿದ ದಿನ, ಅದು ತನ್ನ ದನಗಳನ್ನು ಸಂತೆಗೆ ಹೊಡೆದು ಬಾಗಿಲನ್ನು ಹಾಕಿಕೊಂಡು ಹೋಗುತ್ತದೆ. ಅನಂತರ ಆ ನೆಲದಲ್ಲಿ ಊರವರ ದನಕ್ಕೆ ಯಾವ ಹಕ್ಕೂ ಇರುವುದಿಲ್ಲ. ಏಕೆಂದರೆ ಎಂದೂ ಇರಲಿಲ್ಲ.

ಬಾಗಿಲು ಹಾಕಿಕೊಂಡ ಗಣಿಯನ್ನು ನೋಡುವುದಕ್ಕೆ ಬೆಂಗಳೂರಿನವರು ಬಹು ದೂರ ಹೋಗಬೇಕಾಗಿಲ್ಲ. ದಂಡಿನ ನಿಲ್ದಾಣದಲ್ಲಿ ರೈಲು ಹತ್ತಿ, ಬೈಯಪ್ಪನಹಳ್ಳಿ, ಕೃಷ್ಣರಾಜಪುರಗಳನ್ನು ದಾಟಿ, ಬಂಗಾರಪೇಟೆಯಲ್ಲಿ ತಿರುಗಿದರೆ ಮಾರಿಕುಪ್ಪ. ಕೋಲಾರದ ಚಿನ್ನದ ಗಣಿಗೂ ಬೆಂಗಳೂರಿನ ದಂಡಿಗೂ ಸಂಬಂಧವು ಮೊದಲಿನಿಂದ ಬಂದುದು. 1804ರಲ್ಲಿ ಜಾನ್ ವಾರೆನ್ ಎಂಬ ಸೇನಾಧಿಕಾರಿ ಬರೆದಿದ್ದ ವರದಿಯನ್ನು ದಂಡಿನಲ್ಲಿ ನೆಲಸಿದ್ದ ಮೈಕೇಲ್ ಫಿಟ್ಸ್‌ಜೆರಾಲ್ಡ್ ಲಾವೆಲ್ 1871ರಲ್ಲಿ ಓದಿ, ಎತ್ತಿನ ಗಾಡಿಯಲ್ಲಿ ಆ ಸೀಮೆಗೆ ಹೋಗಿ ನೋಡಿದನು. 1875ರಲ್ಲಿ ಮೈಸೂರು ಸರ್ಕಾರದಿಂದ ಇಪ್ಪತ್ತು ವರ್ಷಗಳ ಹಕ್ಕನ್ನು ಪಡೆದನು; ಅವನ ಹೆಸರಿನ ರಸ್ತೆಯು ನಗರದಲ್ಲಿ ಇಂದಿಗೂ ಇದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯ ಕಾಲ ಪ್ರಾರಂಭವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಗಣಿಗೆ ಬಂತು. 1956ರಲ್ಲಿ ಮೈಸೂರು ಸರ್ಕಾರವೂ, 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪೆನಿಯಾಯಿತು. 2001ರ ಫೆಬ್ರವರಿಯ ಕಡೆಯ ದಿನ ಗಣಿ ನಿಂತಿತು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನವು ಆ ನೆಲದಿಂದ ಹೊರಕ್ಕೆ ಹೋಯಿತು.

ಉಳಿದುದೇನು? ಕಂಪೆನಿಯ ಹೆಸರಿನಲ್ಲಿ ಸುಮಾರು 12,000 ಎಕರೆಗೂ ಮಿಕ್ಕ ನೆಲ. ಆ ನೆಲದ ಮೇಲೆ ಅರೆದು ಚಿನ್ನವನ್ನು ತೆಗೆದುಕೊಂಡ ಕಲ್ಲಿನ ಪುಡಿಯ ಬೆಟ್ಟಗಳು. ಜನರು ಅವನ್ನು ಸಯನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಗಾಳಿಯ ಕಾಲದಲ್ಲಿ ಆ ಪುಡಿ ಹಾರಿ ಮನೆಗಳ ಮೇಲೆ, ಗಿಡಗಳ ಮೇಲೆ, ಹುಲ್ಲಿನ ಮೇಲೆ ಕೂರುತ್ತದೆ. ಗಣಿಯಲ್ಲಿ ದುಡಿದವರ ಮಕ್ಕಳು ಕತ್ತಲಿನಲ್ಲೆದ್ದು ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬಂದು, ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಕೋಲಾರ ಜಿಲ್ಲೆಯನ್ನು ಚಿನ್ನ, ರೇಷ್ಮೆ, ಹಾಲುಗಳ ನಾಡೆಂದು ಹೇಳುವುದು ವಾಡಿಕೆ. ಆ ಮೂರರಲ್ಲಿ ಕಂಪೆನಿಗಳೂ ಸರ್ಕಾರಗಳೂ ಬೆನ್ನುಹತ್ತಿದ್ದು ಚಿನ್ನವನ್ನು, ಅದು ಮುಗಿಯಿತು. ಹಾಲು ಉಳಿದಿದೆ. ವರ್ಷವೆಲ್ಲ ಹರಿಯುವ ನದಿಯಿಲ್ಲದ, ಮಳೆ ನಂಬುವಂತಿಲ್ಲದ ಜಿಲ್ಲೆಯಲ್ಲಿ ಒಂದೆರಡು ಹಸುಗಳನ್ನು ಕಟ್ಟಿಕೊಂಡ ಹೆಂಗಸರು ಬೆಳಗೂ ಬೈಗೂ ಡೇರಿಗೆ ಹಾಕುವ ಹಾಲೇ ಸಾವಿರಾರು ಮನೆಗಳ ಒಲೆಯನ್ನು ಉರಿಸುತ್ತಿದೆ. ಮುಗಿದುಹೋದ ಚಿನ್ನಕ್ಕೆ ಸಾವಿರಾರು ಎಕರೆ ಮೀಸಲು. ಮುಗಿಯದ ಹಾಲಿಗೆ ಮೂವತ್ತು ಎಕರೆಯ ಲೆಕ್ಕವೂ ಪುಸ್ತಕದಲ್ಲಿಯೇ. ಇದಕ್ಕಿಂತ ವಿಪರೀತವಾದ ನ್ಯಾಯವನ್ನು ಕಲ್ಪಿಸುವುದು ಕಷ್ಟ.

ಇದು ಕೋಲಾರದವರ ಕಷ್ಟ, ನಗರದವರಿಗೇನು ಎನ್ನಬಾರದು. ನಗರದ ಪೂರ್ವಕ್ಕಿರುವ ಕಮ್ಮನಹಳ್ಳಿ, ಬಾಣಸವಾಡಿ, ಲಿಂಗರಾಜಪುರ, ಕಾಚರಕನಹಳ್ಳಿ, ಹೆಣ್ಣೂರುಗಳು ಹೆಸರುಗಳೇ ಸಾರುವಂತೆ ಊರುಗಳಾಗಿದ್ದವು. ಕೆರೆ, ತೋಟ, ಹೊಲಗಳ ನಡುವೆ ಇದ್ದವು. ಈಗ ಕಮ್ಮನಹಳ್ಳಿಯ ಮುಖ್ಯ ರಸ್ತೆಯಲ್ಲಿ ಅಂಗಡಿಗೆ ಅಂಗಡಿ ತಾಗಿಕೊಂಡಿದೆ, ಸುತ್ತ ಬಡಾವಣೆಗಳು. ಅಲ್ಲಿಯೂ ಹಸುವನ್ನು ಬಿಡದ ಮನೆಗಳುಂಟು. ಹಸು ಬೀದಿಯ ಬದಿಯಲ್ಲಿ ತರಕಾರಿಯ ಸಿಪ್ಪೆಯನ್ನೂ, ಅದರೊಡನೆ ಪ್ಲಾಸ್ಟಿಕ್ ಚೀಲವನ್ನೂ ಮೇಯುತ್ತದೆ. ಅದನ್ನು ನೋಡಿ ಹಸುವಿನ ಒಡೆಯನನ್ನು ಬಯ್ಯುವವರು ಅನೇಕರು. ಆ ಹಸುವಿನ ಗೋಮಾಳವು ಯಾವ ಮನೆಯ ಅಡಿಯಲ್ಲಿದೆಯೆಂದು ಕೇಳುವವರು ವಿರಳ. ತನ್ನ ಗೋಮಾಳವನ್ನು ನುಂಗಿದ ನಗರವು ಈಗ ಹಾಲಿಗಾಗಿ ಕೋಲಾರದ, ರಾಮನಗರದ, ಮಂಡ್ಯದ ಹುಲ್ಲನ್ನು ನಂಬಿಕೊಂಡಿದೆ. ಆ ಹುಲ್ಲೂ ಬೇಲಿಯ ಒಳಗಾದರೆ ನಗರದ ಕಾಫಿಯ ಬಟ್ಟಲಿಗೂ ಅದರ ಬಿಸಿ ತಟ್ಟದಿರದು.

ಕಾನೂನಿನ ಕಡೆಯಿಂದ ಒಂದು ಬಾಗಿಲು ತೆರೆದಿದೆ. ಅದನ್ನು ಬಲ್ಲವರು ಕಡಮೆ. 2020ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು, ಕಾಮನ್ ಕಾಸ್ ಎಂಬ ಸಂಸ್ಥೆಯು ಹೂಡಿದ್ದ ಮೊಕದ್ದಮೆಯಲ್ಲಿ, ಗಣಿಗಾರಿಕೆ ಮುಗಿದ ಮೇಲೆ ಗಣಿಯ ನೆಲದಲ್ಲಿಯೂ, ಗಣಿಯಿಂದ ಕೆಟ್ಟ ಇತರ ನೆಲದಲ್ಲಿಯೂ ಗುತ್ತಿಗೆದಾರನೇ ತನ್ನ ಖರ್ಚಿನಿಂದ ಪುನಃ ಹುಲ್ಲನ್ನು ಬೆಳೆಸಿ, ಮೇವಿಗೂ ಸಸ್ಯಪ್ರಾಣಿಗಳಿಗೂ ಯೋಗ್ಯವಾಗುವಂತೆ ಮಾಡಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲಿಯೂ, ಪರಿಸರದ ಅನುಮತಿಯಲ್ಲಿಯೂ, ಗಣಿಯ ಯೋಜನೆಯಲ್ಲಿಯೂ ಸೇರಿಸುವಂತೆ ಕೇಂದ್ರ ಸರ್ಕಾರಕ್ಕೆ ಆಜ್ಞೆಮಾಡಿತು. ಮೂಕಪ್ರಾಣಿಯ ಮೇವನ್ನು ನ್ಯಾಯಪೀಠವು ನೆನೆದುದು ಸಾಮಾನ್ಯ ಸಂಗತಿಯಲ್ಲ. ಅದಕ್ಕೂ ಮೊದಲು, 2011ರ ಜನವರಿ 28ರಂದು, ಜಗಪಾಲ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ, ಊರಿನ ಸಾಮುದಾಯಿಕ ನೆಲಗಳ ಒತ್ತುವರಿಯನ್ನು ತೆರವು ಮಾಡಿ ಅವನ್ನು ಊರಿಗೆ ಹಿಂದಿರುಗಿಸಬೇಕೆಂದು ಅದೇ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತ್ತು. ಈ ಎರಡು ಆಜ್ಞೆಗಳನ್ನು ಜೊತೆಗಿಟ್ಟು ಓದಬೇಕು. ಮೊದಲನೆಯದು ಹುಲ್ಲು ಬೆಳೆಯಬೇಕೆನ್ನುತ್ತದೆ. ಬೆಳೆದ ಹುಲ್ಲನ್ನು ಯಾರ ದನ ಮೇಯಬೇಕೆಂಬುದಕ್ಕೆ ಉತ್ತರವು ಎರಡನೆಯದರಲ್ಲಿದೆ. ಅದನ್ನು ಬಿಟ್ಟರೆ, ಹುಲ್ಲು ಬೆಳೆಸಿದ್ದೇನೆ, ನನ್ನ ದನವೇ ಮೇಯುತ್ತದೆ, ಷರತ್ತು ಪೂರೈಸಿತು ಎಂದು ಕಂಪೆನಿಯು ಹೇಳುವುದಕ್ಕೆ ಅವಕಾಶವಾಗುತ್ತದೆ. ಕಂಪೆನಿಯ ದನದ ಠಾಣ್ಯವನ್ನು ಹೊಗಳುವವರು ತಿಳಿದೋ ತಿಳಿಯದೆಯೋ ಸಿದ್ಧಪಡಿಸುತ್ತಿರುವುದು ಈ ಅವಕಾಶವನ್ನೇ.

ಇನ್ನು ಉಳಿದ ಆಕ್ಷೇಪಗಳು ಮೂರು. ಎಲ್ಲರ ನೆಲವೆಂದರೆ ಯಾರದೂ ಅಲ್ಲದ ನೆಲ. ಮಿತಿಮೀರಿ ಮೇಯಿಸಿ ಹಾಳುಮಾಡುತ್ತಾರೆ ಎಂಬುದು ಮೊದಲನೆಯದು. ಹೀಗೆ ಹೇಳುವವರು ಗೋಮಾಳವು ಹಾಳಾದ ಕ್ರಮವನ್ನು ನೋಡಿಲ್ಲ. ದನವು ಮೇದು ಮುಗಿಸಿದ ಗೋಮಾಳಗಳಿಗಿಂತ ಮನುಷ್ಯನು ಬರೆದು ಮುಗಿಸಿದ ಗೋಮಾಳಗಳು ಹೆಚ್ಚು. ನೂರು ಎಕರೆ ಇದ್ದುದನ್ನು ಹತ್ತಕ್ಕೆ ಇಳಿಸಿ, ಆ ಹತ್ತು ಎಕರೆಗೆ ಊರ ದನವೆಲ್ಲ ನುಗ್ಗುವಂತೆ ಮಾಡಿ, ಆಮೇಲೆ ದನಗಾಹಿಗೆ ವಿವೇಕವಿಲ್ಲವೆನ್ನುವುದು, ಅನ್ನವನ್ನು ಕಸಿದುಕೊಂಡು ಹಸಿದವನ ನಡತೆಯನ್ನು ಪರೀಕ್ಷಿಸಿದಂತೆ. ಸರದಿಯಿಂದ ಮೇಯಿಸುವುದು, ಮಳೆಗಾಲದಲ್ಲಿ ಬಿಡುವು ಕೊಡುವುದು ಇವು ಊರವರಿಗೆ ತಿಳಿಯದ ವಿದ್ಯೆಗಳಲ್ಲ. ಅವನ್ನು ನಡೆಸುವುದಕ್ಕೆ ನೆಲವೂ ನೆಲದ ಮೇಲೆ ಅಧಿಕಾರವೂ ಬೇಕು.

ಗಣಿಯ ನೆಲವು ವಿಷಪೂರಿತ, ಅಲ್ಲಿ ಹಾಲು ಕೊಡುವ ಹಸುವನ್ನು ಮೇಯಿಸಬಹುದೆ ಎಂಬುದು ಎರಡನೆಯದು. ಇದು ಗಟ್ಟಿಯಾದ ಆಕ್ಷೇಪ. ದಿಬ್ಬಗಳ ಮೇಲೂ ಬುಡದಲ್ಲಿಯೂ ಮೇಯಿಸಕೂಡದು. ಮಣ್ಣನ್ನೂ ಹುಲ್ಲನ್ನೂ ನೀರನ್ನೂ ಪರೀಕ್ಷಿಸದೆ ಯಾವ ಭಾಗವನ್ನೂ ತೆರೆಯಕೂಡದು. ಆದರೆ ಕಂಪೆನಿಯು ಹಿಡಿದಿರುವ ನೆಲವೆಲ್ಲ ದಿಬ್ಬವಲ್ಲ. ಕೆಟ್ಟ ಭಾಗವನ್ನು ಕೆಡಿಸಿದವರ ಖರ್ಚಿನಿಂದ ಗಟ್ಟಿಮಾಡಲಿ; ಕೆಡದ ಭಾಗವನ್ನು ಕೆಟ್ಟುದರ ಹೆಸರಿನಲ್ಲಿ ಹಿಡಿದಿಡದಿರಲಿ. ಇದೇ ನೆಲವನ್ನು ಕಾರ್ಖಾನೆಗಳಿಗೂ ಬಡಾವಣೆಗಳಿಗೂ ಕೊಡಬೇಕೆಂಬ ಪ್ರಸ್ತಾಪ ಬಂದಾಗ ವಿಷದ ಮಾತು ಅಷ್ಟಾಗಿ ಕೇಳಿಬರುವುದಿಲ್ಲವೆಂಬುದನ್ನೂ ಗಮನಿಸಬೇಕು.

ಕಂಪೆನಿಗೆ ಹಣವುಂಟು, ಯಂತ್ರವುಂಟು, ಪಶುವೈದ್ಯರುಂಟು. ಊರಿಗೇನಿದೆ ಎಂಬುದು ಮೂರನೆಯದು. ಗಣಿಯಿಂದ ಬಾಧಿತರಾದವರ ಹಿತಕ್ಕಾಗಿ 2015ರ ತಿದ್ದುಪಡಿಯಂತೆ ಜಿಲ್ಲೆಜಿಲ್ಲೆಯಲ್ಲಿಯೂ ಖನಿಜ ಪ್ರತಿಷ್ಠಾನದ ನಿಧಿಯಿದೆ. ಬಳ್ಳಾರಿಯ ಗಣಿಗಾರಿಕೆಯನ್ನು 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ನಿಲ್ಲಿಸಿದ ತರುವಾಯ, ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆಂದು ಕೂಡಿಟ್ಟ ಹಣವು ಸಾವಿರಾರು ಕೋಟಿ ರೂಪಾಯಿಗಳಾಗಿವೆ. ಹಣವಿಲ್ಲವೆಂಬ ಮಾತು ನಿಲ್ಲುವಂತಿಲ್ಲ. ಆ ಹಣದಿಂದ ರಸ್ತೆಯನ್ನೂ ಕಟ್ಟಡವನ್ನೂ ಮಾಡುವವರಿಗೆ ಹುಲ್ಲು ಕಣ್ಣಿಗೆ ಬೀಳುವುದಿಲ್ಲವೆಂಬುದೇ ನಿಜವಾದ ತೊಂದರೆ. ಹುಲ್ಲಿಗೆ ಉದ್ಘಾಟನೆಯ ಕಲ್ಲನ್ನು ನೆಡಲಾಗುವುದಿಲ್ಲವಷ್ಟೆ.

ವಿಷಯವು ಕೇವಲ ವಾದಕ್ಕೆ ಸೇರಿದುದಲ್ಲ. 2024ರ ಜೂನ್ ತಿಂಗಳಿನಲ್ಲಿ ರಾಜ್ಯದ ಸಚಿವಸಂಪುಟವು ಕೋಲಾರದ ಗಣಿಯ 13 ದಿಬ್ಬಗಳ, 1,003.4 ಎಕರೆ ನೆಲದಲ್ಲಿ ಪುಡಿಯಿಂದ ಪುನಃ ಲೋಹವನ್ನು ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆಯಿತ್ತಿತು. ಒಮ್ಮೆ ಅರೆದುದನ್ನು ಇನ್ನೊಮ್ಮೆ ಅರೆಯಲಿ. ಜೀವನೋಪಾಯವಿಲ್ಲದ ಊರಿಗೆ ಕೆಲಸ ಸಿಕ್ಕುವುದಾದರೆ ಅಡ್ಡಿ ಹೇಳತಕ್ಕದ್ದಲ್ಲ. ಆದರೆ ಹಳೆಯ ಗುತ್ತಿಗೆಗಳಲ್ಲಿ ಬರೆಯದೆ ಬಿಟ್ಟುದನ್ನು ಈ ಸಲವಾದರೂ ಬರೆಯಬೇಕು. ದಿಬ್ಬವನ್ನು ಕರಗಿಸಿದ ಮೇಲೆ ನೆಲವನ್ನು ಇಂತಿಷ್ಟು ವರ್ಷಗಳೊಳಗೆ ಹುಲ್ಲು ಬೆಳೆಯುವ ಸ್ಥಿತಿಗೆ ತರತಕ್ಕದ್ದು. ಆ ಖರ್ಚಿನ ಹಣವನ್ನು ಮೊದಲೇ ಠೇವಣಿಯಿಡತಕ್ಕದ್ದು. ಗಣಿಗೆ ಬೇಡವಾದ, ಪರೀಕ್ಷೆಯಲ್ಲಿ ನಿರ್ದೋಷವೆಂದು ಕಂಡ ನೆಲವನ್ನು ಸುತ್ತಣ ಗ್ರಾಮಗಳ ದನಗಳನ್ನು ಎಣಿಸಿ, ನೂರಕ್ಕೆ ಮೂವತ್ತು ಎಕರೆಯಂತೆ 71ನೆಯ ಪ್ರಕರಣದ ಮೇರೆಗೆ ಮೀಸಲಿಡತಕ್ಕದ್ದು. ಅದರ ಮೇಲ್ವಿಚಾರಣೆಯು ಗ್ರಾಮ ಪಂಚಾಯತಿಯದೂ ಹಾಲು ಉತ್ಪಾದಕರ ಸಂಘದ್ದೂ ಆಗಿರತಕ್ಕದ್ದು. ಬಳ್ಳಾರಿ, ಸಂಡೂರು, ಚಿತ್ರದುರ್ಗಗಳ ಗಣಿಗಳಿಗೂ ಇದೇ ಕ್ರಮವು ಅನ್ವಯಿಸತಕ್ಕದ್ದು. ಗಣಿಯು ನಡೆಯುತ್ತಿರುವಾಗ ಕಂಪೆನಿಯು ಮೇಲಕ್ಕೆತ್ತುವ ನೀರಿನಲ್ಲಿ ಮೇವು ಬೆಳೆಯಬಹುದಾದರೆ ಬೆಳೆಯಲಿ. ಶುದ್ಧವೆಂದು ಕಂಡುಬಂದ ಆ ಮೇವನ್ನು ಊರ ದನಗಳಿಗೆ ಕೊಡಲಿ. ಪಿಲ್‌ಬರಾದಿಂದ ಕಲಿಯತಕ್ಕದ್ದು ಅಷ್ಟೇ.

ದಾನವಾಗಿ ಒಂದು ಕಟ್ಟು ಹುಲ್ಲನ್ನು ಪಡೆಯುವುದಕ್ಕೂ ಹಕ್ಕಾಗಿ ಒಂದು ಎಕರೆ ಗೋಮಾಳವನ್ನು ಪಡೆಯುವುದಕ್ಕೂ ಇರುವ ಅಂತರವನ್ನು ಕೋಲಾರದ ಹಾಲಿನ ಹೆಂಗಸಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ತಿಳಿಯಬೇಕಾದವರು ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವವರು. ಅದಿರು ತನ್ನ ಕಾಲಕ್ಕೆ ಮುಗಿಯುವುದು, ಕಂಪೆನಿಯೂ ಮುಗಿಯುವುದು. ಹುಲ್ಲಾದರೋ ಬೇರನ್ನು ಉಳಿಸಿದರೆ ಮಳೆಗೊಮ್ಮೆ ಮತ್ತೆ ಹುಟ್ಟುವುದು. ಹೊಸ ಗುತ್ತಿಗೆಗೆ ಸಹಿ ಬೀಳುವ ಮೊದಲೇ ಆ ಬೇರಿನ ಒಡೆತನವನ್ನು ಊರ ಹೆಸರಿಗೆ ಬರೆಯಿಸಿಕೊಳ್ಳದಿದ್ದರೆ, ಇನ್ನೊಂದು ನೂರಿಪ್ಪತ್ತು ವರ್ಷಗಳ ತರುವಾಯವೂ ದಿಬ್ಬವೇ ಉಳಿಯುವುದು.